ಬಿದ್ದವಳು ನಮ್ಮತ್ತ ನೋಡಿದಾಗ

ಶ್ರೋತೃಗಳೇ, ನಮಸ್ಕಾರ.

ಆರಡಿ ಒಂದಂಗುಲ ಎತ್ತರದ, ಮೂವತ್ತು ದಾಟಿದ, ಮದುವೆಯಾಗದ ಹೆಂಗಸೊಬ್ಬಳು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಮೋಜಿನ ಸಾಮಾನುಗಳ ಅಂಗಡಿ ಇಟ್ಟುಕೊಂಡಿದ್ದಾಳೆ. ವ್ಯಾಪಾರದ ತಲೆನೋವನ್ನೆಲ್ಲ ಗೆಳತಿ ಸ್ಟೀವಿಯ ಹೆಗಲಿಗೆ ಹಾಕಿ, ತಾನು ಹಣ್ಣುಗಳಿಗೆ ಕಣ್ಣು ಬಾಯಿ ಬರೆದು ಅವುಗಳ ಜೊತೆ ಹರಟುತ್ತಾಳೆ. ಪಾರ್ಸೆಲ್ ತಂದವನು ಅವಳ ಮುಖವನ್ನೂ ಸರಿಯಾಗಿ ನೋಡದೆ ‘ಸರ್’ ಎಂದು ಕರೆಯುತ್ತಾನೆ. ಆಗ ಅವಳು ಅವನಿಗೆ ಉತ್ತರ ಕೊಡುವ ಮೊದಲು ಕ್ಯಾಮೆರಾದತ್ತ, ಅಂದರೆ ನಮ್ಮತ್ತ, ಒಮ್ಮೆ ತಿರುಗಿ ನೋಡುತ್ತಾಳೆ. 2009ರ ನವೆಂಬರಿನಲ್ಲಿ ಬಿಬಿಸಿ ಟು ವಾಹಿನಿಯಲ್ಲಿ ಆರಂಭವಾದ ‘ಮಿರಾಂಡಾ’ ಎಂಬ ಹಾಸ್ಯ ಧಾರಾವಾಹಿಯ ಜೀವವಿರುವುದು ಆ ಒಂದು ನೋಟದಲ್ಲಿ ಎಂಬುದು ನನ್ನ ಅಭಿಪ್ರಾಯ.

ಬರೆದು ಅಭಿನಯಿಸಿದವರು ಮಿರಾಂಡಾ ಹಾರ್ಟ್. ನಮ್ಮ ನಾಟಕಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸ್ವಗತದ ಹಾಸ್ಯ: ರಂಗದ ಮೇಲಿರುವ ಇತರರಿಗೆ ಕೇಳಿಸದು, ನಮಗೆ ಮಾತ್ರ ಕೇಳಿಸುತ್ತದೆ. ಆದರೆ ಇಲ್ಲಿ ಎಷ್ಟೋ ಸಲ ಮಾತೂ ಇರುವುದಿಲ್ಲ. ಉಟ್ಟ ಬಟ್ಟೆ ಎಲ್ಲೋ ಸಿಕ್ಕಿಕೊಂಡು ಕಳಚಿದಾಗ, ಎಲ್ಲರೆದುರು ದೊಪ್ಪನೆ ಬಿದ್ದಾಗ, ಒಂದು ಸುಳ್ಳನ್ನು ಮುಚ್ಚಲು ಹೋಗಿ ಅದಕ್ಕಿಂತ ದೊಡ್ಡ ಸುಳ್ಳನ್ನು ಹೇಳಿಬಿಟ್ಟಾಗ, ಅವಳು ಹುಬ್ಬೇರಿಸಿ ನಮ್ಮನ್ನು ನೋಡುತ್ತಾಳೆ. ದಪ್ಪಗಿನ, ಎತ್ತರದ, ಎಡವುವ ಹೆಂಗಸನ್ನು ಕಂಡು ಊರು ನಗುವುದು ಹೊಸದೇನೂ ಅಲ್ಲ. ಆದರೆ ಯಾವಾಗ ನಗಬೇಕು, ಎಷ್ಟು ನಗಬೇಕು ಎಂಬುದನ್ನು ಬಿದ್ದವಳೇ ತೀರ್ಮಾನಿಸುವುದು ಅಪರೂಪ.

ತಾಯಿ ಪೆನ್ನಿಯ ಪಾತ್ರದಲ್ಲಿ ಪೆಟ್ರೀಷಿಯಾ ಹಾಜ್ ಇದ್ದಾರೆ. ಮಗಳಿಗೊಂದು ಗಂಡು ಗಂಟು ಹಾಕುವುದೇ ಜೀವನದ ಏಕೈಕ ಉದ್ಯೋಗವಾದ, ಪ್ರತಿಯೊಂದು ಮುಜುಗರದ ಕೊನೆಗೂ ‘ಎಂಥಾ ಮಜಾ!’ ಎಂದು ಕೂಗುವ ಈ ತಾಯಿಯನ್ನು ಅರ್ಥ ಮಾಡಿಕೊಳ್ಳಲು ಕನ್ನಡದ ಪ್ರೇಕ್ಷಕರಿಗೆ ಯಾವ ಟಿಪ್ಪಣಿಯೂ ಬೇಕಾಗದು. ಎರಡನೆಯ ಸರಣಿಯ ಒಂದು ಕಂತಿನಲ್ಲಿ ತಾಯಿ ಮಗಳಿಬ್ಬರೂ ಮನೋವೈದ್ಯರೊಬ್ಬರ ಕೋಣೆಯಲ್ಲಿ ಕೂತಿದ್ದಾರೆ. ಹೆಚ್ಚುಕಡಿಮೆ ಇಡೀ ಅರ್ಧ ಗಂಟೆ ಅದೇ ಕೋಣೆ. ಮಾರ್ಕ್ ಹೀಪ್ ಅಭಿನಯಿಸಿದ ವೈದ್ಯರು ಬಹುಪಾಲು ಸುಮ್ಮನೆ ಕೂತಿರುತ್ತಾರೆ. ಆ ಮೌನವನ್ನು ಸಹಿಸಲಾರದೆ ಇವರಿಬ್ಬರೂ ತಾವಾಗಿಯೇ ಒಂದೊಂದಾಗಿ ಎಲ್ಲವನ್ನೂ ಬಾಯಿಬಿಡುತ್ತಾರೆ. ಬೀಳುವುದು ಏಳುವುದರ ಆಚೆಗೂ ಹಾರ್ಟ್ ಅವರ ಬರವಣಿಗೆಗೆ ಎಷ್ಟು ಕಸುವಿದೆ ಎಂದು ತಿಳಿಯಲು ಆ ಒಂದು ಕಂತು ಸಾಕು. ಮೂರನೆಯ ಸರಣಿಯ ಹೊತ್ತಿಗೆ ಧಾರಾವಾಹಿ ಬಿಬಿಸಿ ಒನ್‌ಗೆ ಬಡ್ತಿ ಪಡೆಯಿತು. ಬಾಣಸಿಗ ಗ್ಯಾರಿಯೊಂದಿಗಿನ ಪ್ರೇಮಪ್ರಕರಣ ಆಗೀಗ ರಬ್ಬರಿನಂತೆ ಎಳೆದಾಡಿದ್ದೂ ಉಂಟು.

ಇನ್ನು ಔಟ್‌ಟೇಕುಗಳ ವಿಚಾರ. ಚಿತ್ರೀಕರಣದಲ್ಲಿ ಕೆಟ್ಟುಹೋದ ತುಣುಕುಗಳನ್ನು ಒಟ್ಟುಮಾಡಿ ತೋರಿಸುವ ಚಾಳಿ ಬ್ರಿಟಿಷ್ ದೂರದರ್ಶನಕ್ಕೆ ಹಳೆಯದು. ಡೆನಿಸ್ ನಾರ್ಡೆನ್ 1977ರಲ್ಲಿ ಐಟಿವಿ ವಾಹಿನಿಯಲ್ಲಿ ಇದಕ್ಕೆಂದೇ ಒಂದು ಕಾರ್ಯಕ್ರಮ ಆರಂಭಿಸಿ, 2006ರವರೆಗೂ ಅದನ್ನು ನಡೆಸಿಕೊಟ್ಟರು. ಅಭಿನಯದ ನಡುವೆ ನಟನಿಗೆ ತಡೆಯಲಾಗದ ನಗು ಉಕ್ಕುವುದನ್ನು ಅಲ್ಲಿನ ರಂಗಭೂಮಿಯವರು ‘ಕಾರ್ಪ್ಸಿಂಗ್’ ಎನ್ನುತ್ತಾರೆ. ಕಾರ್ಪ್ಸ್ ಎಂದರೆ ಹೆಣ; ಹೆಣವಾಗಿ ಮಲಗಿರಬೇಕಾದವನು ನಕ್ಕುಬಿಟ್ಟರೆ ನಾಟಕದ ಗತಿ ಏನಾದೀತು ಎಂದು ಊಹಿಸಿಕೊಳ್ಳಬಹುದು. ಸಾಮಾನ್ಯವಾಗಿ ಇಂಥ ತುಣುಕುಗಳು ನನಗೆ ಅಷ್ಟು ಪ್ರಿಯವಲ್ಲ. ಗಂಭೀರ ಪಾತ್ರದ ಮುಖವಾಡ ಕಳಚಿತೆಂಬ ಸಣ್ಣ ಖುಷಿಯಷ್ಟೇ ಅವುಗಳಲ್ಲಿರುತ್ತದೆ.

ಮಿರಾಂಡಾಳ ವಿಷಯದಲ್ಲಿ ಹಾಗಲ್ಲ. ಕಳಚಲು ಅಲ್ಲಿ ಮುಖವಾಡವೇ ಇಲ್ಲ. ಕಥೆಯೊಳಗೂ ಅವಳು ನಮ್ಮನ್ನು ನೋಡುತ್ತಲೇ ಇದ್ದವಳು. ಆದ್ದರಿಂದ ಪುಟ್ಟ ದೇಹದ ಸಾರಾ ಹ್ಯಾಡ್‌ಲ್ಯಾಂಡ್, ಅಂದರೆ ಸ್ಟೀವಿ, ಎದುರು ನಿಂತಿರುವಾಗ ಹಾರ್ಟ್ ಮಾತು ಮರೆತು ನಗುತ್ತ ಬಗ್ಗಿದರೆ, ಅದು ಧಾರಾವಾಹಿಯ ಮುಂದಿನ ದೃಶ್ಯವೇ ಏನೋ ಎನಿಸುತ್ತದೆ. ಅದೇ ತುಣುಕು ಇನ್ನೊಂದನ್ನೂ ತೋರಿಸಿಕೊಡುತ್ತದೆ. ಇದು ಸ್ಟುಡಿಯೊದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸಿದ ಧಾರಾವಾಹಿ. ದೃಶ್ಯ ಕೆಟ್ಟರೆ ಮೊದಲಿನಿಂದ ಮಾಡಬೇಕು. ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲು ಬೇರೊಬ್ಬ ಹಾಸ್ಯಗಾರನನ್ನೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಒಮ್ಮೆ ಕೇಳಿ ನಕ್ಕ ಮಾತಿಗೆ ಜನ ಎರಡನೆಯ ಸಲವೂ ನಗಬೇಕು, ಮೊದಲ ಸಲ ಬಿದ್ದಷ್ಟೇ ಅನಿರೀಕ್ಷಿತವಾಗಿ ನಟಿ ಮತ್ತೊಮ್ಮೆ ಬೀಳಬೇಕು. ಎಡವಟ್ಟಿನಂತೆ ಕಾಣುವುದರ ಹಿಂದೆ ಹೆಜ್ಜೆಯ ಲೆಕ್ಕವೂ ಉಸಿರಿನ ಲೆಕ್ಕವೂ ಎಷ್ಟಿದೆ ಎಂಬುದು, ಆ ಲೆಕ್ಕ ತಪ್ಪಿದಾಗಲೇ ನಮಗೆ ತಿಳಿಯುವುದು.

ಪ್ರತಿ ಕಂತಿನ ಕೊನೆಗೆ ‘ನೀವು ಇದುವರೆಗೆ ನೋಡಿದ್ದು’ ಎಂಬ ಮಾತಿನೊಂದಿಗೆ ನಟನಟಿಯರು ಒಬ್ಬೊಬ್ಬರಾಗಿ ನಮ್ಮತ್ತ ಕೈಬೀಸುತ್ತಾರೆ. ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಗಳಿಂದ ಎರವಲು ತಂದ ಪದ್ಧತಿ ಅದು. 2015ರ ಹೊಸವರ್ಷದ ದಿನ, ಇಪ್ಪತ್ತನೆಯ ಕಂತಿನಲ್ಲಿ, ಅವರು ಕೊನೆಯ ಸಲ ಕೈಬೀಸಿದರು.

ಬಾನುಲಿಯ ಬಂಧುಗಳಿಗೆ ಹೇಳಲೇಬೇಕಾದ ಒಂದು ಸಂಗತಿ ಉಳಿದಿದೆ. ಟೆಲಿವಿಷನ್ನಿಗೆ ಬರುವ ಮೊದಲು, 2008ರಲ್ಲಿ, ಇದು ಬಿಬಿಸಿ ರೇಡಿಯೊ ಟು ಕೇಂದ್ರದಿಂದ ಪ್ರಸಾರವಾದ ಹಾಸ್ಯ ಸರಣಿ. ಕ್ಯಾಮೆರಾದತ್ತ ನೋಡುವ ನೋಟವೂ ಇಲ್ಲದೆ, ಕೈಬೀಸುವುದೂ ಇಲ್ಲದೆ, ಆರಡಿ ಎತ್ತರವನ್ನು ದನಿಯೊಂದರಿಂದಲೇ ಕಾಣಿಸಬೇಕಾಗಿದ್ದ ಕಾಲ ಅದು. ಅಂದಹಾಗೆ, ಈ ಭಾಷಣವನ್ನು ಧ್ವನಿಮುದ್ರಿಸುವಾಗ ಪೆಟ್ರೀಷಿಯಾ ಹಾಜ್ ಎಂಬ ಹೆಸರಿನ ಮೇಲೆ ನಾನು ಎರಡು ಸಲ ಮುಗ್ಗರಿಸಿದ್ದೇನೆ. ಗಾಜಿನಾಚೆ ಕೂತವರು ನಕ್ಕರು, ನಾನೂ ನಕ್ಕೆ. ನಿಮಗೆ ಕೇಳಿಸಿದ್ದು ಮೂರನೆಯದು.

ನಮಸ್ಕಾರ.