ಗುಜರಿಯಲ್ಲಿ ಹತಾರ ಆರಿಸುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೆಯ ಹತಾರಗಳನ್ನು ಕೊಳ್ಳುವುದು ಹೇಗೆಂದು ಹೇಳಲು ನನ್ನನ್ನು ಕರೆದಿದ್ದಾರೆ. ಫಿಟ್ಟರ್ ವಿಭಾಗದ ಹುಡುಗರಿಗೆ ಬಹಳ ವರ್ಷ ಪಾಠ ಹೇಳಿದವನು ನಾನು. ಆದ್ದರಿಂದ ಈಗಲೂ ನನ್ನ ಕಣ್ಣ ಮುಂದೆ ಬರುವವರು ಅಂಥವರೇ. ಐಟಿಐ ಮುಗಿಸಿ, ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಮಳಿಗೆ ಬಾಡಿಗೆಗೆ ಹಿಡಿದು, ಕೈಯಲ್ಲಿರುವ ಅಷ್ಟಿಷ್ಟು ಹಣದಲ್ಲಿ ಏನೇನು ಕೊಳ್ಳುವುದೆಂದು ಲೆಕ್ಕ ಹಾಕುತ್ತಿರುವವರು ಈಗ ಕೇಳುತ್ತಿದ್ದರೆ ಈ ಮಾತು ಅವರಿಗೆ. ಮರಗೆಲಸ ಕಲಿಯುತ್ತಿರುವವರಿಗೂ, ಪಂಪ್‌ಸೆಟ್ಟನ್ನು ತಾವೇ ಬಿಚ್ಚಿ ಜೋಡಿಸುವ ರೈತರಿಗೂ ಇದು ಸಲ್ಲುತ್ತದೆ.

ನಾನು ಹೇಳಬೇಕಾದದ್ದು ಒಂದೇ ಮಾತು. ತುಕ್ಕು ಹೋಗುತ್ತದೆ, ಬಿರುಕು ಹೋಗುವುದಿಲ್ಲ. ಗುಜರಿಗೆ ಹೋದವರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಾರೆ. ತುಕ್ಕು ಹಿಡಿದದ್ದನ್ನು ಮುಟ್ಟಲೂ ಹೇಸಿ ಪಕ್ಕಕ್ಕೆ ತಳ್ಳುತ್ತಾರೆ, ಬಣ್ಣ ಬಳಿದು ಹೊಳೆಯುತ್ತಿರುವುದನ್ನು ಸಂತೋಷದಿಂದ ಎತ್ತಿಕೊಂಡು ಬರುತ್ತಾರೆ. ಇದನ್ನು ನೋಡಿ ನೋಡಿ ನನಗೆ ಬೇಸರವಾಗಿದೆ.

ಒಳ್ಳೆಯ ಹತಾರ ಗುಜರಿಗೆ ಬರುವುದಾದರೂ ಎಲ್ಲಿಂದ ಎಂದು ಕೆಲವರು ಕೇಳುತ್ತಾರೆ. ನಮ್ಮ ನಾಡಿನಲ್ಲಿ ಯಂತ್ರದ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿ, ಲೋಹದ ತುಂಡನ್ನು ತಿರುಗಿಸಿ ಕಡೆಯುವ ಲೇಥ್‌ಗಳನ್ನು ತಯಾರಿಸಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಯಂತ್ರೋಪಕರಣ ತಯಾರಿಕೆಯ ಎಚ್‌ಎಂಟಿ ಆರಂಭವಾಯಿತು. ಇಂಥ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ, ಗಿರಣಿಗಳಲ್ಲಿ ದುಡಿದವರು ಸಾವಿರಾರು ಮಂದಿ. ಅವರ ಮನೆಗಳಲ್ಲಿ ಪೆಟ್ಟಿಗೆ ಪೆಟ್ಟಿಗೆ ಹತಾರಗಳಿದ್ದವು. ಯಜಮಾನರು ತೀರಿಕೊಂಡು ಮಕ್ಕಳು ಬೇರೆ ಕೆಲಸ ಹಿಡಿದ ಮೇಲೆ ಆ ಪೆಟ್ಟಿಗೆಗಳು ತೂಕದ ಲೆಕ್ಕಕ್ಕೆ ಗುಜರಿ ಸೇರುತ್ತವೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ಭಾನುವಾರದ ಬಜಾರಿನಲ್ಲಿ ಬೆಳಗಿನ ಜಾವ ಗೋಣಿತಾಟಿನ ಮೇಲೆ ಹರಡಿರುವ ಕಬ್ಬಿಣದ ರಾಶಿಯನ್ನು ನೋಡಿದರೆ ನನ್ನ ಮಾತು ನಿಜವೆಂದು ತಿಳಿಯುತ್ತದೆ. ಆ ರಾಶಿಯ ಕೆಳಗೆ, ಉಕ್ಕಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಮುದ್ರೆಯ ಉಳಿ ಸಿಕ್ಕಿದ ದಿನಗಳು ನನಗೂ ಇವೆ.

ಈ ಪಾಠವನ್ನು ನಾನು ಚೆನ್ನಾಗಿ ಕಂಡದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಆ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯವರು ಗಣಿ ನಡೆಸಿದ್ದರಿಂದ ಇಂಗ್ಲೆಂಡಿನ ಹತಾರಗಳು ಆ ಊರಿಗೆ ಹೇರಳವಾಗಿ ಬಂದಿದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಾದ ಕೆಲವು ವರ್ಷಗಳಿಗೆ, ಅಲ್ಲಿಯ ಒಂದು ಕುಟುಂಬ ಮನೆ ಖಾಲಿ ಮಾಡುತ್ತಿದೆ, ಸಾಮಾನು ಮಾರುತ್ತಿದೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಿಳಿಸಿದ. ಅವನೂ ಆಗ ಹೊಸದಾಗಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ, ಅವನಿಗೂ ಒಂದು ವೈಸ್, ಅಂದರೆ ಕೆಲಸದ ತುಂಡನ್ನು ದವಡೆಗಳ ನಡುವೆ ಬಿಗಿಯಾಗಿ ಹಿಡಿಯುವ ಹತಾರ, ಬೇಕಾಗಿತ್ತು. ಇಬ್ಬರೂ ಬೆಳಗಿನ ರೈಲು ಹಿಡಿದು ಹೊರಟೆವು.

ದಾರಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ಬೆಳ್ಳಿ ಬಣ್ಣ ಬಳಿದ ವೈಸ್ ಒಂದು ಅವನ ಕಣ್ಣಿಗೆ ಬಿತ್ತು. ನೋಡಲು ಹೊಸದರಂತೆಯೇ ಇತ್ತು, ಹಿಡಿ ಸಲೀಸಾಗಿ ತಿರುಗುತ್ತಿತ್ತು. ನಾನು ಹಿಂದಿನ ಅಂಗಡಿಯಲ್ಲಿ ಅರಗಳನ್ನು ನೋಡುತ್ತಾ ನಿಂತಿದ್ದೆ. ಅಷ್ಟರಲ್ಲಿ ಅವನು 900 ರೂಪಾಯಿ ಎಣಿಸಿ ಕೊಟ್ಟಾಗಿತ್ತು. ಕೊಂಡದ್ದನ್ನು ಹೀಗಳೆಯಬಾರದೆಂದು ಸುಮ್ಮನಾದೆ, ಆದರೆ ಹಾಗೆ ಸುಮ್ಮನಾಗಬಾರದಿತ್ತು.

ಆ ಮನೆಯ ಜಗುಲಿಯ ಮೇಲೆ ಪಾತ್ರೆ, ಟ್ರಂಕು, ಮಂಚದ ಕಾಲು, ಹೊಲಿಗೆ ಯಂತ್ರ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಮೂಲೆಯಲ್ಲಿ, ನೀರು ಸೋರುವ ಹೆಂಚಿನ ಕೆಳಗೆ, ತುಕ್ಕು ತಿಂದು ಕೆಂಪು ಮಣ್ಣಿನ ಹೆಂಟೆಯಂತಾಗಿದ್ದ ಒಂದು ವೈಸ್ ಇತ್ತು. ಹಿಡಿ ತಿರುಗುತ್ತಿರಲಿಲ್ಲ. ಗುಜರಿಯವನು ಆಗಲೇ ಅದನ್ನು ತೂಕಕ್ಕೆ ಇಡಿಸಿದ್ದ: 18 ಕೆ.ಜಿ. ನಾನು ಜೇಬಿನಿಂದ ಚಿಕ್ಕ ಸ್ಪ್ಯಾನರ್ ತೆಗೆದು ಅದರ ಮೈಯ ಮೇಲೆ ಮೆಲ್ಲನೆ ಬಡಿದೆ. ಒಳ್ಳೆಯ ಗಂಟೆಯಂತೆ ಠಣ್ ಎಂದು ದನಿ ಎದ್ದು ಒಂದು ಕ್ಷಣ ನಿಂತಿತು. ದವಡೆಯ ಕೆಳಗೆ, ಬುಡದ ಬೋಲ್ಟಿನ ತೂತುಗಳ ಸುತ್ತ, ಹಿಂಬದಿಯಲ್ಲಿ ಲೋಹವನ್ನಿಟ್ಟು ಬಡಿಯುವ ಅಡಿಗಲ್ಲಿನಂಥ ಭಾಗದಲ್ಲಿ, ಎಲ್ಲೆಲ್ಲಿ ಬಡಿದರೂ ಅದೇ ದನಿ. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಪಕ್ಕದ ಮೈಯನ್ನು ಉಜ್ಜಿದಾಗ ತುಕ್ಕಿನ ಒಳಗಿನಿಂದ ಎರಕದ ಅಕ್ಷರಗಳು ಒಂದೊಂದಾಗಿ ಮೇಲೆದ್ದವು: ರೆಕಾರ್ಡ್. ರೆಕಾರ್ಡ್ ಎಂಬುದು ಶೆಫೀಲ್ಡಿನ ಹತಾರಗಳ ಹೆಸರು.

ಆ ಮನೆಯ ಅಮ್ಮ ನನ್ನನ್ನೇ ನೋಡುತ್ತಿದ್ದರು. ಅವರ ಯಜಮಾನರು ಗಣಿಯಲ್ಲಿ ಫಿಟ್ಟರ್ ಆಗಿದ್ದವರು, ಕಂಪನಿಯವರು ಹಳೆಯ ಸಾಮಾನು ಹರಾಜು ಹಾಕಿದಾಗ ಅದನ್ನು ಕೂಗಿ ಕೊಂಡಿದ್ದರಂತೆ. ‘ಸಾರ್, ಇದರಲ್ಲಿ ಕೆಲಸ ಮಾಡ್ತೀರಾ, ಇಲ್ಲಾ ತೂಕಕ್ಕೆ ಹಾಕ್ತೀರಾ?’ ಎಂದು ಕೇಳಿದರು. ‘ಕೆಲಸಕ್ಕೇ ಅಮ್ಮ’ ಎಂದೆ. ಗುಜರಿಯವನು ಹೇಳಿದ್ದ ಬೆಲೆಯನ್ನೇ ನನಗೂ ಹೇಳಿದರು. ಅದರ ಮೂರರಷ್ಟು ಕೊಟ್ಟೆ. ಆ ವೈಸಿಗೆ ಅದೂ ಕಡಿಮೆಯೇ.

ಮೂರು ವಾರ ಕಳೆದ ಮೇಲೆ ಆ ಹುಡುಗ ಅರ್ಧ ಅಂಗುಲದ ಸರಳನ್ನು ತನ್ನ ಬೆಳ್ಳಿ ಬಣ್ಣದ ವೈಸಿನಲ್ಲಿ ಕಚ್ಚಿಸಿ, ಸುತ್ತಿಗೆಯಿಂದ ಬಡಿದು ಬಗ್ಗಿಸುತ್ತಿದ್ದಾಗ ದವಡೆ ತುಂಡಾಗಿ ಕೆಳಗೆ ಬಿತ್ತು. ಒಡೆದ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ನನ್ನ ಬಳಿಗೆ ತಂದ. ಆ ತುಂಡನ್ನು ನಾನು ಮುಂದಿನ ಎಲ್ಲ ತಂಡಗಳಿಗೂ ತೋರಿಸಿದ್ದೇನೆ. ಒಡೆದ ಮುಖದಲ್ಲಿ ಮುಕ್ಕಾಲು ಭಾಗ ಕಂದು ಬಣ್ಣ, ಅಂಚಿನ ಕಾಲು ಭಾಗ ಮಾತ್ರ ಸಕ್ಕರೆಯ ಹರಳಿನಂತೆ ಮಿನುಗುವ ಬೂದು ಬಣ್ಣ. ಕಂದು ಎಂದರೆ ಅದು ಎಷ್ಟೋ ಕಾಲದ ಹಿಂದೆಯೇ ಸೀಳಿ, ಆ ಸೀಳಿನೊಳಗೆ ಗಾಳಿ ನೀರು ಹೊಕ್ಕು ತುಕ್ಕಾಗಿದೆ ಎಂದರ್ಥ. ಬೂದು ಎಂದರೆ ಆ ದಿನ ಒಡೆದದ್ದು. ಹೊರಗಿನ ಸೀಳಿಗೆ ಎಪಾಕ್ಸಿ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಬಳಿದಿದ್ದರು. ಬೀಡು ಕಬ್ಬಿಣ ಬಗ್ಗುವ ಲೋಹವಲ್ಲ. ಒಮ್ಮೆ ಸೀಳಿದರೆ ಪೆಟ್ಟು ಬಿದ್ದಾಗಲೆಲ್ಲ ಸೀಳು ಮುಂದಕ್ಕೆ ಓಡುತ್ತದೆ. ಕೊಳ್ಳುವ ಮೊದಲು ಒಂದು ಸಲ ಬಡಿದು ನೋಡಿದ್ದರೆ ಠಣ್ ಎನ್ನುವ ಬದಲು ಒಡೆದ ಮಡಕೆಯಂತೆ ಡಬ್ ಎನ್ನುತ್ತಿತ್ತು.

ನನ್ನ ವೈಸನ್ನು ಏನು ಮಾಡಿದೆನೆಂದೂ ಹೇಳಬೇಕು, ಏಕೆಂದರೆ ತುಕ್ಕಿಗೆ ಜನ ಸುಮ್ಮನೆ ಹೆದರುತ್ತಾರೆ. ತಿರುಪಿನ ಸಂದಿಗೆ ಎರಡು ರಾತ್ರಿ ಸೀಮೆಎಣ್ಣೆ ಬಿಟ್ಟೆ, ಮೂರನೆಯ ದಿನ ಹಿಡಿ ಕದಲಿತು. ಬಿಚ್ಚಿದ ಚಿಕ್ಕ ಭಾಗಗಳನ್ನು ಗಟ್ಟಿಯಾಗಿ ಕಿವುಚಿದ ಹುಣಸೆಹಣ್ಣಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದೆ, ಬೆಳಿಗ್ಗೆ ತಂತಿಯ ಬ್ರಷ್ಷಿನಿಂದ ಉಜ್ಜಿದೆ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಆರಿದ ಕೂಡಲೇ ಹೊಲಿಗೆ ಯಂತ್ರದ ಎಣ್ಣೆ ಸವರಿದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಇಷ್ಟೇ ಕೆಲಸ. ಆ ವೈಸ್ ಇಂದಿಗೂ ನನ್ನ ಬೆಂಚಿನ ಮೇಲಿದೆ. ಆದ್ದರಿಂದಲೇ ಮತ್ತೆ ಹೇಳುತ್ತೇನೆ: ತುಕ್ಕು ಹೋಗುತ್ತದೆ, ಬಿರುಕು ಹೋಗುವುದಿಲ್ಲ.

ನನಗೆ ಕೊಟ್ಟಿರುವ ಸಮಯದಲ್ಲಿ ಹೆಚ್ಚಿನ ಪಾಲು ಈ ವೈಸಿಗೇ ಸಂದಿತು. ಉಳಿದ ಹತಾರಗಳ ಬಗ್ಗೆ ಬೇಗ ಬೇಗ ಹೇಳುತ್ತೇನೆ.

ಕಬ್ಬಿಣದ ರಂದ ಅಥವಾ ತೋಪಡವನ್ನು ಕೊಳ್ಳುವಾಗ ಬ್ಲೇಡು ಹೊರಬರುವ ಬಾಯಿಯ ಎರಡು ಮೂಲೆಗಳನ್ನು ನೋಡಿ, ಕೂದಲೆಳೆಯಂಥ ಸೀಳು ಅಲ್ಲಿಂದಲೇ ಹುಟ್ಟುತ್ತದೆ. ಬ್ಲೇಡು ಸವೆದಿದ್ದರೆ, ಹಿಡಿ ಮುರಿದಿದ್ದರೆ ಚಿಂತೆ ಬೇಡ. ಅಮೆರಿಕದಲ್ಲಿ ಇಂಥ ರಂದವನ್ನು ರೂಪಿಸಿದ ಲಿಯೊನಾರ್ಡ್ ಬೇಲಿ ಎಂಬಾತನ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡ ಮೇಲೆ ಹೊರಬಂದ ಮಾದರಿಯನ್ನೇ ಉಳಿದ ತಯಾರಕರೂ ಅನುಸರಿಸಿದ್ದರಿಂದ ಅದಕ್ಕೆ ಹೊಂದುವ ಬಿಡಿಭಾಗಗಳು ಈಗಲೂ ಸಿಗುತ್ತವೆ. ಉಳಿಯಲ್ಲಿ ನೋಡಬೇಕಾದದ್ದು ಅಂಚಿನ ಬಳಿಯ ಬಣ್ಣವನ್ನು. ಅಲ್ಲಿ ನೀಲಿ ಛಾಯೆ ಇದ್ದರೆ ಯಾರೋ ಸಾಣೆಚಕ್ರಕ್ಕೆ ಒತ್ತಿ ಹಿಡಿದು ಉಕ್ಕಿನ ಹದ ಕೆಡಿಸಿದ್ದಾರೆ. ಎಷ್ಟು ಮಸೆದರೂ ಆ ಅಂಚು ನಿಲ್ಲುವುದಿಲ್ಲ. ಗರಗಸವನ್ನು ಕಣ್ಣಿಗೆ ಸಮವಾಗಿ ಹಿಡಿದು ಉದ್ದಕ್ಕೆ ನೋಡಿ, ಮಡಿಕೆ ಬಿದ್ದಿದ್ದರೆ ಬಿಟ್ಟುಬಿಡಿ. ಸ್ಪ್ಯಾನರಿನ ಬಾಯಿ ಸವೆದು ಅಗಲವಾಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ, ಅದು ನಟ್ಟಿನ ಮೂಲೆಗಳನ್ನು ತಿನ್ನುತ್ತದೆ. ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರನ್ನು ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ದವಡೆಗಳ ನಡುವೆ ಬೆಳಕು ನುಸುಳಿದರೆ ಅಳತೆ ಸುಳ್ಳು ಹೇಳುತ್ತದೆ. ವಿದ್ಯುತ್ ಡ್ರಿಲ್ಲನ್ನು ಓಡಿಸಿ ನೋಡದೆ ಕೊಳ್ಳಲೇಬೇಡಿ. ಕಿಡಿ ಹೆಚ್ಚಾಗಿ ಹಾರಿದರೆ ಕಾರ್ಬನ್ ಬ್ರಷ್ ಬದಲಿಸಬಹುದು, ಸುಟ್ಟ ವಾಸನೆ ಬಂದರೆ ಮೋಟಾರಿನೊಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್ ಹೋಗಿದೆ.

ಹಳೆಯ ಲೇಥ್ ಕೊಳ್ಳುವ ಧೈರ್ಯವಿರುವವರಿಗೆ ಒಂದು ಮಾತು. ಲೇಥಿನ ಉದ್ದನೆಯ ಹಾಸಾದ ಬೆಡ್, ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ಬಳಿ ಹೆಚ್ಚು ಸವೆಯುತ್ತದೆ, ಏಕೆಂದರೆ ಹೆಚ್ಚಿನ ಕೆಲಸ ನಡೆಯುವುದು ಅಲ್ಲಿಯೇ. ಉಳಿಯನ್ನು ಹೊತ್ತು ಬೆಡ್ಡಿನ ಮೇಲೆ ಸರಿಯುವ ಕ್ಯಾರೇಜನ್ನು ಚಕ್ಕಿನ ಹತ್ತಿರ ತಂದು, ಅಲ್ಲಾಡದಂತೆ, ಆದರೆ ಸರಿಯುವಷ್ಟು ಮಾತ್ರ ಬಿಗಿ ಮಾಡಿ, ಆಮೇಲೆ ಆಚೆಯ ತುದಿಗೆ ಸರಿಸಿ. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಬೆಡ್ ಸವೆದಿದೆ. ಹರಿಹರದ್ದೇ ಇರಲಿ, ಎಚ್‌ಎಂಟಿಯದೇ ಇರಲಿ, ಹೆಸರು ನೋಡಿ ಈ ಪರೀಕ್ಷೆಯನ್ನು ಬಿಡಬೇಡಿ.

ಇನ್ನು ಹರಾಜು. ಸರ್ಕಾರಿ ಉದ್ದಿಮೆಗಳ ಹಳೆಯ ಸಾಮಾನು ಈಗ ಹೆಚ್ಚಾಗಿ ಆನ್‌ಲೈನ್ ಹರಾಜಿನಲ್ಲಿ ಹೋಗುತ್ತದೆ. 1964ರಲ್ಲಿ ಆರಂಭವಾದ ಎಂಎಸ್‌ಟಿಸಿ ಎಂಬ ಸಾರ್ವಜನಿಕ ಸಂಸ್ಥೆ ಇಂಥ ಹರಾಜುಗಳನ್ನು ನಡೆಸುತ್ತದೆ. ಸಾಲ ತೀರಿಸದ ಘಟಕಗಳ ಯಂತ್ರಗಳನ್ನು ಬ್ಯಾಂಕುಗಳೂ ಹರಾಜು ಹಾಕುತ್ತವೆ. ಇಲ್ಲಿ ಮಾಲನ್ನು ಇದ್ದಲ್ಲಿ ಇದ್ದಂತೆಯೇ ಮಾರುತ್ತಾರೆ. ಕೂಗಿ ಹಿಡಿದ ಮೇಲೆ ಬಿರುಕು ಕಂಡರೆ ಕೇಳುವವರಿಲ್ಲ. ಆದ್ದರಿಂದ ಪರಿಶೀಲನೆಗೆ ಕೊಟ್ಟ ದಿನ ಹೋಗದವರು ಹರಾಜಿಗೇ ಹೋಗಬೇಡಿ. ಮುಂಗಡ ಠೇವಣಿ, ಕೂಗಿದ ಬೆಲೆಯ ಮೇಲಿನ ಜಿಎಸ್‌ಟಿ, ಕ್ರೇನು, ಲಾರಿ ಬಾಡಿಗೆ, ಇಷ್ಟನ್ನೂ ಕೂಡಿಸಿದ ಮೊತ್ತವೇ ನಿಜವಾದ ಬೆಲೆ. ಒಟ್ಟಿಗೆ ಮಾರುವ ಸಾಮಾನಿನ ಗುಂಪುಗಳು, ಅಂದರೆ ಲಾಟುಗಳು ದೊಡ್ಡವಾಗಿರುವುದರಿಂದ ಒಬ್ಬ ಬಡಗಿಗೋ ಫಿಟ್ಟರಿಗೋ ಅವು ಎಟುಕುವುದಿಲ್ಲ. ನಾನು ಮಾಡುವುದೇನೆಂದರೆ, ಲಾಟನ್ನು ಹಿಡಿದ ಗುಜರಿ ವ್ಯಾಪಾರಿ ಯಾರೆಂದು ವಿಚಾರಿಸಿಕೊಂಡು, ಸಾಮಾನು ಅವನ ಅಂಗಳದಲ್ಲಿ ಇಳಿದ ಎರಡು ಮೂರು ದಿನಕ್ಕೆ ಅಲ್ಲಿಗೆ ಹೋಗುತ್ತೇನೆ. ಅವನಿಗೆ ಬೇಕಾದದ್ದು ತಾಮ್ರ, ಮೋಟಾರು, ತೂಕದ ಕಬ್ಬಿಣ. ಪೆಟ್ಟಿಗೆಯಲ್ಲಿರುವ, ತೂತನ್ನು ನಯಗೊಳಿಸುವ ರೀಮರುಗಳೂ ತೂತಿನೊಳಗೆ ತಿರುಪಿನ ಗೆರೆ ಕೊರೆಯುವ ಟ್ಯಾಪುಗಳೂ ಅವನ ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲಿಯೇ ಕೊಳ್ಳಿ, ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಿ. ಹೊಚ್ಚ ಹೊಸ ಗ್ರೈಂಡರನ್ನು ಮೂರು ಕಾಸಿಗೆ ಕೊಡುತ್ತೇನೆಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಹೊರಟುಬಿಡಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ, ಅದೂ ಅಲ್ಲದೆ ನಮ್ಮಂಥವನೇ ಒಬ್ಬನ ಅನ್ನದ ಹತಾರ ಅದು.

ಬರುವ ಭಾನುವಾರ ಹೊರಡುವವರು ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ, ಹತ್ತು ಗಂಟೆಗೆ ಹೋದವರಿಗೆ ಉಳಿಯುವುದು ಕಸ. ಚೀಲದಲ್ಲಿ ಒಂದು ಟಾರ್ಚು, ಉಕ್ಕಿನ ಅಳತೆಪಟ್ಟಿ, ಸೀಮೆಎಣ್ಣೆ ಹಚ್ಚಿದ ಬಟ್ಟೆ, ಬಡಿದು ನೋಡಲು ಚಿಕ್ಕ ಸ್ಪ್ಯಾನರ್, ಎರಡು ತುಂಡು ಕಾಗದ ಮತ್ತು ಒಂದು ಅಯಸ್ಕಾಂತವಿರಲಿ. ವೈಸಿನ ದವಡೆಯ ಎರಡು ತುದಿಗಳಲ್ಲಿ ಕಾಗದದ ತುಂಡುಗಳನ್ನಿಟ್ಟು ಬಿಗಿ ಮಾಡಿ ಎಳೆಯಿರಿ, ಎರಡೂ ಗಟ್ಟಿಯಾಗಿ ನಿಂತರೆ ದವಡೆ ಸಮವಾಗಿದೆ. ಬಣ್ಣ ಬಳಿದ ಹತಾರದ ಮೈಮೇಲೆ ಅಯಸ್ಕಾಂತವನ್ನು ಮೆಲ್ಲನೆ ಆಡಿಸಿ. ಎಲ್ಲಿ ಅದರ ಹಿಡಿತ ಸಡಿಲವಾಗುತ್ತದೆಯೋ ಅಲ್ಲಿ ಒಳಗಿರುವುದು ಕಬ್ಬಿಣವಲ್ಲ, ಪುಟ್ಟಿ. ಅದರಡಿಯಲ್ಲಿ ಬಿರುಕಿರಬಹುದು. ಅದನ್ನು ಕೆಳಗಿಟ್ಟು, ಪಕ್ಕದಲ್ಲಿ ತುಕ್ಕು ಹಿಡಿದು ಬಿದ್ದಿರುವುದನ್ನು ಎತ್ತಿ ಬಡಿದು ನೋಡಿ. ನಮಸ್ಕಾರ.