ಇಬ್ಬರೂ ಬಿದ್ದರು, ಭಯ ಒಬ್ಬಳಿಗೇ ಯಾಕೆ ಉಳಿಯಿತು?

(ದೃಶ್ಯ: ಮಳೆಯಲ್ಲಿ ಹೆಬ್ಬಾಳ ಫ್ಲೈಓವರ್)

ನಮಸ್ಕಾರ. ಅಕ್ಕ ತಂಗಿ ಒಂದೇ ಸ್ಕೂಟರ್‌ನಲ್ಲಿ ಹೋಗ್ತಾ ಇದ್ದಾರೆ ಅಂದುಕೊಳ್ಳಿ. ಗಾಡಿ ಸ್ಕಿಡ್ ಆಯ್ತು, ಇಬ್ಬರೂ ಬಿದ್ದರು. ಮೊಣಕೈ ತರಚಿತು, ಅಷ್ಟೇ. ಮುಂದಿನ ವಾರ ತಂಗಿ ಆರಾಮಾಗಿ ಗಾಡಿ ತೆಗೆದಳು. ಅಕ್ಕನಿಗೆ ಮಾತ್ರ ಮೋಡ ಕವಿದರೆ ಸಾಕು, ಅಂಗೈ ಬೆವರುತ್ತೆ, ಎದೆ ಹೊಡ್ಕೊಳ್ಳುತ್ತೆ. ಮನೆಯಲ್ಲಿ ಎಲ್ಲರೂ 'ಪುಕ್ಕಲಿ' ಅಂತಾರೆ. ದಯವಿಟ್ಟು ಹಾಗನ್ನಬೇಡಿ. ಅವಳ ಮಿದುಳು ಒಂದು ಪಾಠ ಕಲಿತಿದೆ.

ಮಳೆಯೂ ಪೆಟ್ಟೂ ಒಟ್ಟಿಗೆ ಬಂದವು, ಮನಸ್ಸು ಎರಡನ್ನೂ ಗಂಟು ಹಾಕ್ತು. ಇದು ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ಕಂಡ ಕಲಿಕೆಯೇ: ಸದ್ದು ಮಾಡಿ ಊಟ ಕೊಡ್ತಾ ಹೋದರೆ, ಆಮೇಲೆ ಬರೀ ಸದ್ದಿಗೇ ಅವುಗಳಿಗೆ ಜೊಲ್ಲು ಸುರೀತಿತ್ತು. ಆದರೆ ಸದ್ದಿನ ಹಿಂದೆ ಊಟ ಬರೋದು ನಿಂತರೆ ಆ ನಾಯಿಗಳ ಜೊಲ್ಲೂ ಕ್ರಮೇಣ ನಿಲ್ತಿತ್ತು. ಅಕ್ಕನ ಭಯ ಯಾಕೆ ಇಳೀತಿಲ್ಲ?

(ದೃಶ್ಯ: ಮೊಬೈಲಲ್ಲಿ ಆಟೋ ಬುಕ್ ಮಾಡುವ ಬೆರಳು)

ಈ ಬೆರಳನ್ನು ಗಮನಿಸಿ. ಬುಕಿಂಗ್ ಕನ್ಫರ್ಮ್ ಆದ ಕ್ಷಣ ಅವಳಿಗೆ 'ಅಬ್ಬಾ' ಅನ್ನಿಸುತ್ತೆ. ಆ ನಿರಾಳವೇ ಬಹುಮಾನ. ಹಾಗಾಗಿ ನಾಳೆಯೂ ತಪ್ಪಿಸಿಕೊಳ್ತಾಳೆ. ಮಳೆಯಲ್ಲಿ ಬೀಳದೆಯೂ ಹೋಗಬಹುದು ಅಂತ ತಿಳಿಯೋ ಅವಕಾಶವೇ ಸಿಗಲ್ಲ. 1947ರಲ್ಲಿ ಮನೋವಿಜ್ಞಾನಿ ಮೌರರ್ ಹೇಳಿದ ಎರಡು ಹಂತದ ಕಲಿಕೆ ಇದೇ: ಭಯ ಹುಟ್ಟೋದು ಒಂದು ರೀತಿ, ಉಳಿಯೋದು ಇನ್ನೊಂದು ರೀತಿ.

ಹಾಗಾದರೆ ತಂಗಿ? ಅಂತರ್ಮುಖಿಗಳಲ್ಲಿ ಇಂಥ ಗಂಟು ಬೇಗ ಬೀಳುತ್ತೆ ಅಂತ ಮನೋವಿಜ್ಞಾನಿ ಐಸೆಂಕ್ ವಾದಿಸಿದ್ದರು. 1970ರಲ್ಲಿ ಜೆಫ್ರಿ ಗ್ರೇ ಅದನ್ನು ತಿದ್ದಿದರು. ಕೆಲವರ ನರಮಂಡಲ ಶಿಕ್ಷೆಯ ಸುಳಿವಿಗೆ ಹೆಚ್ಚು ಮಿಡಿಯುತ್ತೆ, ಕೆಲವರದ್ದು ಬಹುಮಾನದ ಸುಳಿವಿಗೆ. ಅಕ್ಕನ ಕಣ್ಣಿಗೆ ಒದ್ದೆ ರಸ್ತೆ ಬೀಳುತ್ತೆ. ತಂಗಿಯ ಕಣ್ಣಿಗೆ ಬೇಗ ಮನೆ ಸೇರೋ ದಾರಿ. ಸ್ವಭಾವ ಅಂದರೆ ಯಾವ ಪಾಠ ಯಾರಿಗೆ ಬೇಗ ಹತ್ತುತ್ತೆ ಅನ್ನೋದು. ನನಗಂತೂ ಗ್ರೇ ಮಾತೇ ಹೆಚ್ಚು ಒಪ್ಪಿಗೆ. ಮನೆತನ, ಬೆಳೆದ ರೀತಿ, ಹಳೆಯ ಅನುಭವ ಇವೂ ಸೇರ್ತವೆ, ನಿಜ.

ಕಲಿತ ಭಯವನ್ನು ಪಳಗಿಸಬಹುದು. 1924ರಲ್ಲಿ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡ್ತಾ ಮೊಲವನ್ನು ಸ್ವಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುಟ್ಟಿದ.

ಅಕ್ಕನಿಗೂ ಅದೇ ದಾರಿ. ಮೊದಲು ಮಳೆ ನಿಂತ ಮೇಲೆ ಮನೆ ಮುಂದಿನ ರಸ್ತೆಯಲ್ಲಿ, ಆಮೇಲೆ ತುಂತುರಿನಲ್ಲಿ ಮೂಲೆ ಅಂಗಡಿವರೆಗೆ. ಎದೆಬಡಿತ ಇಳಿಯೋವರೆಗೂ ವಾಪಸ್ ಬರಬಾರದು. ಸೀದಾ ಫ್ಲೈಓವರ್‌ಗೆ ತಳ್ಳಬೇಡಿ.

ಆತಂಕ ಕೆಲಸಕ್ಕೆ, ನಿದ್ದೆಗೆ ಅಡ್ಡ ಬರ್ತಿದ್ದರೆ ಒಬ್ಬರೇ ಒದ್ದಾಡಬೇಡಿ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.