ಎಷ್ಟು ಅರ್ಜಿ ಹಾಕಬೇಕು? ಅಮೆರಿಕದ ನ್ಯೂರಾಲಜಿ ರೆಸಿಡೆನ್ಸಿಗೆ ಹೊರಟವರ ಜೊತೆ ಒಂದಿಷ್ಟು ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ. ಈ ಉಪನ್ಯಾಸಕ್ಕೆ ಮುಂಚೆ ನಿಮ್ಮಲ್ಲಿ ಹದಿನಾಲ್ಕು ಜನ ವಾಟ್ಸಾಪಿನಲ್ಲಿ ಪ್ರಶ್ನೆ ಕಳಿಸಿದ್ದಿರಿ. ಅದರಲ್ಲಿ ಹನ್ನೊಂದು ಒಂದೇ ಪ್ರಶ್ನೆ: "ಸರ್, ನ್ಯೂರಾಲಜಿಗೆ ಎಷ್ಟು ಪ್ರೋಗ್ರಾಂಗೆ ಅಪ್ಲೈ ಮಾಡಬೇಕು?" ಒಬ್ಬರಂತೂ "ಬರೀ ನಂಬರ್ ಹೇಳಿ ಸಾಕು ಸರ್" ಅಂತಲೂ ಸೇರಿಸಿದ್ದರು. ಪ್ರೋಗ್ರಾಂ ಅಂದರೆ ರೆಸಿಡೆನ್ಸಿ, ಅಂದರೆ ವೈದ್ಯ ಪದವಿ ಆದ ಮೇಲಿನ ತಜ್ಞ ತರಬೇತಿ, ಕೊಡುವ ಒಂದೊಂದು ಆಸ್ಪತ್ರೆ. ನಂಬರ್ ಹೇಳುತ್ತೇನೆ. ಆದರೆ ನನಗೆ ಅದು ಸಿಕ್ಕಿದ್ದು ಹೇಗೆ ಅಂತ ಮೊದಲು ಕೇಳಿ.

ಮೊದಲ ಸಲ ಅರ್ಜಿ ಹಾಕಿದಾಗ ನಾನು ಹಾಕಿದ್ದು 118 ಕಡೆ. ಮಾವಿನ ಮರಕ್ಕೆ ಕಲ್ಲು ಬೀರಿದ ಹಾಗೆ. ಇಷ್ಟು ಬೀರಿದರೆ ಒಂದಾದರೂ ಬೀಳುತ್ತದೆ ಅನ್ನುವ ಧೈರ್ಯ. ಸೋದರಮಾವನ ಕ್ರೆಡಿಟ್ ಕಾರ್ಡಿನಲ್ಲಿ ದುಡ್ಡು ಕಟ್ಟಿದೆ. ಪಾಪ, ಅವರಿಗೆ ಮಿತಿ ಮೀರಿದೆ ಅಂತ ಬ್ಯಾಂಕಿನಿಂದ ಫೋನ್ ಬಂತು. ಬಂದ ಇಂಟರ್‌ವ್ಯೂ ಎರಡು. ಮಾರ್ಚಿನ ಆ ಸೋಮವಾರ ರಾತ್ರಿ ಇಮೇಲ್ ತೆರೆದರೆ, ಮ್ಯಾಚ್ ಆಗಿಲ್ಲ, ಅಂದರೆ ಅಭ್ಯರ್ಥಿಗಳ ಮತ್ತು ಪ್ರೋಗ್ರಾಂಗಳ ಆಯ್ಕೆ ತಾಳೆ ಹಾಕಿ ಸೀಟು ಹಂಚುವಾಗ ನನಗೆ ಸೀಟಿಲ್ಲ. ಎರಡನೇ ವರ್ಷ ಹಾಕಿದ್ದು 64. ಬಂದ ಇಂಟರ್‌ವ್ಯೂ ಒಂಬತ್ತು. ನಡುವಿನ ವರ್ಷದಲ್ಲಿ ನಾನೇನು ಮೇಧಾವಿಯಾಗಿರಲಿಲ್ಲ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಎರಡು ತಿಂಗಳು ಕೆಲಸ ನೋಡಿ ಒಂದು ಒಳ್ಳೆಯ ಪತ್ರ ತಂದಿದ್ದೆ, ನಿಜ. ಆದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆಯೇ ಇತ್ತು. ಮೊದಲ ವರ್ಷದ 118ರಲ್ಲಿ ಅರ್ಧಕ್ಕರ್ಧ ಕಡೆ ನನ್ನ ಅರ್ಜಿಯನ್ನು ಯಾರೂ ತೆರೆದೇ ಇರಲಿಲ್ಲ.

ಇದು ಗೊತ್ತಾಗಿದ್ದು ಆರೇಳು ವರ್ಷ ಕಳೆದು, ಆಯ್ಕೆ ಸಮಿತಿಯಲ್ಲಿ ಮೇಜಿನ ಆ ಕಡೆ ಕೂತಾಗ. ಸೆಪ್ಟೆಂಬರ್ ಕೊನೆಗೆ ಅರ್ಜಿಗಳು ನಮಗೆ ತೆರೆದುಕೊಳ್ಳುತ್ತವೆ. ಕೆಲವೇ ಸೀಟಿಗೆ ನೂರುಗಟ್ಟಲೆ ಅರ್ಜಿ. ನಮ್ಮ ಕೋಆರ್ಡಿನೇಟರ್ ಒಬ್ಬ ಹಿರಿಯ ಹೆಂಗಸು. ಕಾಫಿ ಲೋಟ ಪಕ್ಕಕ್ಕಿಟ್ಟು, ಪರದೆಯ ಎಡಗಡೆ ಇರುವ ಸೋಸುವ ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಹೋದರು: ಯಾವ ವೀಸಾ ಬೇಕು, ಪದವಿ ಮುಗಿದು ಎಷ್ಟು ವರ್ಷ ಆಯಿತು, ಪರೀಕ್ಷೆಯಲ್ಲಿ ಒಮ್ಮೆಯಾದರೂ ಫೇಲ್ ಆಗಿದೆಯೇ, ಸ್ಟೆಪ್ 2 ಸಿಕೆ (ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಎರಡನೇ ಹಂತ) ಅಂಕ ಎಷ್ಟು. ನಾಲ್ಕು ಟಿಕ್, ಅರ್ಧ ನಿಮಿಷ. ಪಟ್ಟಿ ಮೂರನೇ ಒಂದು ಭಾಗಕ್ಕೆ ಇಳಿಯಿತು. ಪಟ್ಟಿಯಿಂದ ಹೊರಬಿದ್ದವರ ಪರ್ಸನಲ್ ಸ್ಟೇಟ್‌ಮೆಂಟ್, ಅಜ್ಜಿಗೆ ಲಕ್ವಾ ಹೊಡೆದ ಕಥೆ, ಪ್ರೊಫೆಸರ್ ಬರೆದುಕೊಟ್ಟ ಪತ್ರ, ಎಲ್ಲ ಇದ್ದಲ್ಲೇ ಉಳಿದವು. ಕ್ರೌರ್ಯ ಅನ್ನಿಸಿತು. ಆಮೇಲೆ ನನ್ನ ಪಾಲಿಗೆ ಬಂದ ಎಪ್ಪತ್ತು ಅರ್ಜಿಗಳನ್ನು ಡ್ಯೂಟಿ ಮುಗಿಸಿ ಮನೆಯಲ್ಲಿ ಕೂತು ಓದುವಾಗ, ಸೋಸದೆ ಬೇರೆ ದಾರಿ ಇಲ್ಲ ಅಂತಲೂ ಅನ್ನಿಸಿತು.

ಹಾಗಾಗಿ "ಎಷ್ಟು ಕಡೆ ಹಾಕಲಿ" ಅಂತ ಕೇಳುವ ಮುಂಚೆ "ಎಷ್ಟು ಕಡೆ ನನ್ನ ಅರ್ಜಿ ಓದುತ್ತಾರೆ" ಅಂತ ಎಣಿಸಿ. ಅಮೆರಿಕದಲ್ಲಿ ನ್ಯೂರಾಲಜಿ ಪ್ರೋಗ್ರಾಂಗಳು ಹೆಚ್ಚುಕಡಿಮೆ ಇನ್ನೂರು. ನಿಮ್ಮ ಪಟ್ಟಿ ಅಲ್ಲಿಂದ ಕೆಳಕ್ಕೆ ಇಳಿಯಬೇಕು.

ಮೊದಲ ಜರಡಿ ವೀಸಾ. ಕೆಲವು ಕಡೆ ಜೆ-1 (ತರಬೇತಿಗೆ ಬರುವವರ ವೀಸಾ) ಮಾತ್ರ, ಕೆಲವು ಕಡೆ ಎಚ್-1ಬಿ (ಕೆಲಸದ ವೀಸಾ) ಕೂಡ, ಕೆಲವು ಕಡೆ ಯಾವ ವೀಸಾವೂ ಇಲ್ಲ. ಜೆ-1 ಆದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಊರಿಗೆ ಬಂದಿರಬೇಕು. ಇಲ್ಲವೇ ಅಮೆರಿಕದಲ್ಲೇ ವೈದ್ಯರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಿ ವಿನಾಯಿತಿ ಪಡೆಯಬೇಕು. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ವಿನಾಯಿತಿ. ಎಚ್-1ಬಿಗೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಹೋದ ವರ್ಷದ ಸೀನಿಯರ್ ಕೊಟ್ಟ ಪಟ್ಟಿಯನ್ನು ಹಾಗೇ ನಂಬಬೇಡಿ. ವೆಬ್‌ಸೈಟ್ ಹಳೆಯದಾಗಿರುತ್ತದೆ, ಕೋಆರ್ಡಿನೇಟರ್‌ಗೆ ಎರಡು ಸಾಲಿನ ಇಮೇಲ್ ಹಾಕಿ ಕೇಳಿ. ಎರಡೇ ಸಾಲು. "ರೆಸ್ಪೆಕ್ಟೆಡ್ ಮೇಡಂ, ಐ ಆಮ್ ಫ್ರಮ್ ಎ ಹಂಬಲ್ ಬ್ಯಾಕ್‌ಗ್ರೌಂಡ್" ಅಂತ ಶುರು ಮಾಡಬೇಡಿ.

ಎರಡನೇ ಜರಡಿ ನನಗೆ ಇಷ್ಟವಾದದ್ದು. ಪ್ರತಿ ಪ್ರೋಗ್ರಾಂ ತನ್ನ ಈಗಿನ ರೆಸಿಡೆಂಟ್‌ಗಳ ಫೋಟೊ, ಅವರು ಓದಿದ ಕಾಲೇಜಿನ ಹೆಸರು ಹಾಕಿರುತ್ತದೆ. ಅಲ್ಲಿ ನಾಲ್ಕು ವರ್ಷದ ಬ್ಯಾಚ್‌ಗಳಲ್ಲಿ ಹೊರದೇಶದಲ್ಲಿ ಓದಿದವರು ಒಬ್ಬರೂ ಇಲ್ಲದಿದ್ದರೆ, ವೆಬ್‌ಸೈಟ್ ಏನೇ ಹೇಳಲಿ, ನಿಮ್ಮನ್ನೂ ತೆಗೆದುಕೊಳ್ಳುವುದು ಅನುಮಾನ. ನಾನು ಎರಡನೇ ವರ್ಷ ಈ ಕೆಲಸಕ್ಕೆ ಮೂರು ವಾರ ಕೂತಿದ್ದೆ. ಒಂದು ಪುಟ್ಟ ಊರಿನ ಪ್ರೋಗ್ರಾಂ ಪುಟದಲ್ಲಿ ಮಂಡ್ಯದಲ್ಲಿ ಓದಿದ ಹುಡುಗಿಯೊಬ್ಬಳ ಫೋಟೊ ಕಂಡಾಗ, ನನ್ನ ತಂಗಿಯೇ ಅಲ್ಲಿದ್ದಾಳೇನೋ ಅನ್ನುವಷ್ಟು ಸಂತೋಷವಾಯಿತು. ಅಲ್ಲಿಂದ ಇಂಟರ್‌ವ್ಯೂ ಕೂಡ ಬಂತು.

ಇನ್ನು ದುಡ್ಡು. 2024-25ರ ಸಾಲಿನಲ್ಲಿ ಇರಾಸ್ ಅನ್ನುವ ಅರ್ಜಿ ವ್ಯವಸ್ಥೆಯ ದರ ಹೀಗಿತ್ತು: ಒಂದು ವಿಭಾಗದಲ್ಲಿ ಮೊದಲ 30 ಪ್ರೋಗ್ರಾಂಗೆ ತಲಾ 11 ಡಾಲರ್, 31ರಿಂದ ಮೇಲೆ ತಲಾ 30. ಅಂದರೆ 30 ಅರ್ಜಿಗೆ 330 ಡಾಲರ್, ನೂರಕ್ಕೆ 2,430. ಮೇಲಿನ ಎಪ್ಪತ್ತಕ್ಕೇ 2,100 ಡಾಲರ್. ನಮ್ಮ ರೂಪಾಯಿಗೆ ತಂದರೆ ನೂರು ಅರ್ಜಿ ಎರಡು ಲಕ್ಷ ದಾಟುತ್ತದೆ. 31ನೇ ಅರ್ಜಿ ಹೆಚ್ಚುಕಡಿಮೆ ಮೂರು ಪಟ್ಟು ದುಬಾರಿ ಆಗಿರುವುದು ಸುಮ್ಮನೆ ಅಲ್ಲ. ಎಲ್ಲರೂ ಎಲ್ಲ ಕಡೆ ಹಾಕಿದಷ್ಟೂ ಸೋಸುವುದು ಜಾಸ್ತಿ. ಸೋಸುವುದು ಜಾಸ್ತಿ ಆದಷ್ಟೂ ಹೆದರಿ ಇನ್ನೂ ಹೆಚ್ಚು ಹಾಕುತ್ತಾರೆ. ಸೀಟು ಮಾತ್ರ ಇದ್ದಷ್ಟೇ.

ಈ ಸುಳಿಯಿಂದ ಪಾರಾಗಲು ಈಗ ಸಿಗ್ನಲ್ ಅಂತ ಒಂದು ತಂದಿದ್ದಾರೆ: ಅರ್ಜಿಯ ಜೊತೆ ಕೆಲವೇ ಪ್ರೋಗ್ರಾಂಗೆ "ನಿಮ್ಮಲ್ಲಿಗೆ ಬರುವ ಆಸೆ ಹೆಚ್ಚು" ಅಂತ ಕಳಿಸುವ ಗುರುತು. ನಮ್ಮಲ್ಲಿ ಮದುವೆ ಪತ್ರಿಕೆಯನ್ನು ಐನೂರು ಜನಕ್ಕೆ ಫೋನಿನಲ್ಲಿ ಕಳಿಸಿದರೂ, ಕೆಲವು ಮನೆಗೆ ಮಾತ್ರ ಗಂಡಹೆಂಡತಿ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಕೈಗೇ ಪತ್ರಿಕೆ ಕೊಟ್ಟು ಕರೆಯುತ್ತಾರಲ್ಲ, ಹಾಗೆ. ನ್ಯೂರಾಲಜಿಯಲ್ಲಿ ಅಂಥ ಕರೆ ಬೆರಳೆಣಿಕೆಯಷ್ಟು ಮಾತ್ರ; ಮೂಳೆ ವಿಭಾಗದಲ್ಲಿ 30 ಇದೆ. ಕಡಿಮೆ ಇರುವುದರಿಂದಲೇ ಬೆಲೆ. ನಿಮ್ಮಲ್ಲಿ ಬಹಳ ಜನ ಇದನ್ನು ಹೆಸರಾಂತ ಜಾಗಗಳಿಗೆ ಸುರಿದುಬಿಡುತ್ತೀರಿ. ನಾನಾದರೆ ಒಂದೆರಡು ಆಸೆಯ ಜಾಗಕ್ಕೆ ಇಟ್ಟು, ಉಳಿದದ್ದನ್ನು ಎರಡೂ ಜರಡಿ ದಾಟಿದ ನಡುಮಟ್ಟದ ಪ್ರೋಗ್ರಾಂಗಳಿಗೆ, ಅದರಲ್ಲೂ ನೀವು ಹೋಗಿ ಕೆಲಸ ನೋಡಿಬಂದ ಊರಿನ ಸುತ್ತ, ಕೊಡುತ್ತೇನೆ.

ಒಂದು ಹಳ್ಳ ಇದೆ, ನಮ್ಮವರು ಪ್ರತಿ ವರ್ಷ ಬೀಳುತ್ತಾರೆ. ನ್ಯೂರಾಲಜಿ ನಾಲ್ಕು ವರ್ಷ: ಒಂದು ವರ್ಷ ಮೆಡಿಸಿನ್, ಮೂರು ವರ್ಷ ನ್ಯೂರಾಲಜಿ. ಇಲ್ಲಿ ಎಂಡಿ ಮುಗಿಸಿ ಡಿಎಂ (ಸೂಪರ್ ಸ್ಪೆಷಾಲಿಟಿ ಪದವಿ) ಮಾಡುವ ಆರು ವರ್ಷಕ್ಕೆ ಹೋಲಿಸಿ ನಿಮ್ಮ ಕಣ್ಣು ಅರಳುವುದು ಸಹಜ. (ನಿಮ್ಹಾನ್ಸ್‌ನಲ್ಲಿ ಎಂಬಿಬಿಎಸ್ ಆದ ಮೇಲೆ ನೇರ ಡಿಎಂ ನ್ಯೂರಾಲಜಿ ಇದೆ ಅನ್ನುವುದನ್ನೂ ಮರೆಯಬೇಡಿ.) ಕೆಟಗೊರಿಕಲ್ ಸೀಟಾದರೆ ನಾಲ್ಕೂ ವರ್ಷ ಸೇರಿರುತ್ತದೆ. ಅಡ್ವಾನ್ಸ್ಡ್ ಸೀಟಾದರೆ ನ್ಯೂರಾಲಜಿ ಶುರುವಾಗುವುದೇ ಎರಡನೇ ವರ್ಷದಿಂದ. ಮೊದಲ ವರ್ಷದ ಪ್ರಿಲಿಮಿನರಿ ಸೀಟಿಗೆ ನೀವೇ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಇಂಟರ್‌ವ್ಯೂ ಮಾಡಿಕೊಳ್ಳಬೇಕು. ನನಗೆ ಗೊತ್ತಿರುವ ಹುಡುಗನೊಬ್ಬ ಅಡ್ವಾನ್ಸ್ಡ್ ಸೀಟು ಹಿಡಿದು ಪ್ರಿಲಿಮಿನರಿ ಇಲ್ಲದೆ ಮಾರ್ಚಿನಿಂದ ಜೂನ್ ತನಕ ಫೋನ್ ಮಾಡುತ್ತಾ ಕಳೆದ. ಮೊದಲ ವರ್ಷ ಮುಗಿಯದೆ ಅವನ ನ್ಯೂರಾಲಜಿ ಸೀಟು ಕೈಯಲ್ಲಿದ್ದೂ ಇಲ್ಲದ ಹಾಗೆ.

ಈಗ ಹಿಂದಿನಿಂದ ಲೆಕ್ಕ ಹಾಕೋಣ. ಮ್ಯಾಚ್‌ನಲ್ಲಿ ಇಂಟರ್‌ವ್ಯೂ ಕೊಟ್ಟ ಕಡೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುವ ನಿಮ್ಮ ಪಟ್ಟಿಯಲ್ಲಿ ಪ್ರೋಗ್ರಾಂಗಳು ಹೆಚ್ಚಿದಷ್ಟೂ ಅವಕಾಶ ಹೆಚ್ಚು. ಇಂಟರ್‌ವ್ಯೂ ಒಂದರಿಂದ ಐದಕ್ಕೆ ಹೋದಾಗ ಗೆರೆ ಜೋರಾಗಿ ಏರುತ್ತದೆ. ಹತ್ತು ಹನ್ನೆರಡರ ಹೊತ್ತಿಗೆ ಚಪ್ಪಟೆಯಾಗುತ್ತದೆ. ಹೊರದೇಶದಲ್ಲಿ ಓದಿದ, ಅಮೆರಿಕದ ಪೌರರಲ್ಲದವರಲ್ಲಿ 2025ರಲ್ಲಿ ಎಲ್ಲ ವಿಭಾಗ ಸೇರಿ ಮ್ಯಾಚ್ ಆದದ್ದು ಸುಮಾರು ನೂರಕ್ಕೆ 58; ಅಲ್ಲಿನ ಎಂಡಿ (ನಮ್ಮ ಎಂಬಿಬಿಎಸ್ ಹಾಗೆ ಅಲ್ಲಿ ಅದು ಮೊದಲ ವೈದ್ಯ ಪದವಿ) ವಿದ್ಯಾರ್ಥಿಗಳಲ್ಲಿ 93ರ ಆಸುಪಾಸು. ಹಾಗಾಗಿ ಅಲ್ಲಿನ ಹುಡುಗ ಇಪ್ಪತ್ತು ಕಡೆ ಹಾಕಿ ನಿದ್ದೆ ಮಾಡಿದ ಅಂತ ನೀವೂ ಮಾಡುವ ಹಾಗಿಲ್ಲ. ನಮಗೆ ಬೇಕಾದದ್ದು ಎಂಟು ಹತ್ತು ಇಂಟರ್‌ವ್ಯೂ. ಜರಡಿ ದಾಟಿದ ಏಳೆಂಟು ಅರ್ಜಿಗೆ ಒಂದು ಇಂಟರ್‌ವ್ಯೂ ಬಂದರೆ ಚೆನ್ನಾಗಿ ಬಂದಿದೆ ಅಂತ ನನ್ನ ಅನುಭವ.

ಅಲ್ಲಿಗೆ ನನ್ನ ನಂಬರ್ ಬಂತು. ವೀಸಾ ಬೇಕಾದ, ಪದವಿ ಮುಗಿದು ಐದು ವರ್ಷದೊಳಗಿನ, ಒಂದೇ ಸಲಕ್ಕೆ ಪಾಸಾದ ಅಭ್ಯರ್ಥಿಗೆ 60ರಿಂದ 80. ಫೇಲ್ ಆಗಿದ್ದರೆ, ಪದವಿ ಹಳತಾಗಿದ್ದರೆ ಜರಡಿ ದಾಟಿ ಉಳಿಯುವುದೇ 40 ಇರಬಹುದು. ಆಗ 40ಕ್ಕೇ ಹಾಕಿ, ಮಿಕ್ಕ ದುಡ್ಡಿನಲ್ಲಿ ಇಂಟರ್ನಲ್ ಮೆಡಿಸಿನ್‌ಗೂ ಹಾಕಿ. ಅದು ಬೇರೆ ವಿಭಾಗ ಆದ್ದರಿಂದ ಮೊದಲ 30ರ ಅಗ್ಗದ ದರ ಮತ್ತೆ ಹೊಸದಾಗಿ ಶುರು. 120 ಅಂತ ಯಾರಾದರೂ ಹೇಳಿದರೆ, 81ರಿಂದ ಮುಂದಿನ ಪ್ರತಿ ಹೆಸರಿನ ಪಕ್ಕ "ಇವರು ನನ್ನನ್ನು ಯಾಕೆ ಕರೆಯುತ್ತಾರೆ" ಅಂತ ಒಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಹೊಡೆದುಹಾಕಿ.

ಮಾತು ಸಾಕು. ಲ್ಯಾಪ್‌ಟಾಪ್ ತಂದವರು ಮುಂದಿನ ಸಾಲಿಗೆ ಬನ್ನಿ, ನಿಮ್ಮ ಪಟ್ಟಿಗಳನ್ನು ಒಟ್ಟಿಗೇ ಸೋಸೋಣ. ವೀಸಾ ಕಾಲಂ ಖಾಲಿ ಬಿಟ್ಟವರು ಮೊದಲು. ಪ್ಲಗ್ ಪಾಯಿಂಟ್ ಎಡಗಡೆ ಗೋಡೆಯಲ್ಲಿ ಎರಡೇ ಇದೆ, ಚಾರ್ಜ್ ಕಡಿಮೆ ಇರುವವರು ಆ ಕಡೆ ಕೂತುಕೊಳ್ಳಿ.